ಗುಡಾಣದಲ್ಲಿಟ್ಟ ಓಲೆಕಟ್ಟು

ಮೊನ್ನೆ ನೀವು ಮೊಮ್ಮಕ್ಕಳು ಫೋನಿನಲ್ಲಿ ಒಂದು ಮಣ್ಣಿನ ಜಾಡಿಯ ಚಿತ್ರ ತೋರಿಸಿದಿರಿ. ಉದ್ದನೆಯ ಮೈ, ಬಟ್ಟಲು ಮಗುಚಿದಂಥ ಮುಚ್ಚಳ. ಬೈಬಲ್ಲಿನ ಹಳೆಯ ಬರಹಗಳು ಇಂಥದರಲ್ಲೇ ಸಿಕ್ಕವಂತೆ ಎಂದು ವಿವರಿಸಲು ಹೊರಟಿರಿ. ನನಗೆ ಗೊತ್ತು ಎಂದೆ, ನಕ್ಕಿರಿ. ನಾಲ್ಕನೇ ತರಗತಿಗೇ ಸ್ಲೇಟು ಕೆಳಗಿಟ್ಟವಳಿಗೆ ಅದು ಹೇಗೆ ಗೊತ್ತಾಯಿತೆಂದು ಎದುರಿಗೆ ಹೇಳಲು ನನಗೆ ಸಂಕೋಚ. ಬರೆಯುವುದೇ ಸಲೀಸು.

ಪಾಂಡವಪುರದ ಪಕ್ಕದ ಈ ಊರಿಗೆ ನಾನು ಸೊಸೆಯಾಗಿ ಬಂದ ಹೊಸತು, ಐವತ್ತರ ದಶಕದ ಕೊನೆ. ಊರ ಶಾಲೆಯ ಗ್ರೇಸ್ ಟೀಚರು ನಮ್ಮ ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಎದ್ದೊಡನೆ ಗಟ್ಟಿಯಾಗಿ ಬೈಬಲ್ಲು ಓದುವರು. ನಾನು ರಂಗೋಲಿ ಬಿಡುತ್ತಾ ಕೇಳಿಸಿಕೊಳ್ಳುವೆ. ಒಂದು ದಿನ ಅವರೇ ಕರೆದು ಹೇಳಿದರು: ಉಪ್ಪು ಸರೋವರದ ದಂಡೆಯಲ್ಲಿ ಕುರಿ ಕಾಯುವವನೊಬ್ಬ ತಪ್ಪಿಸಿಕೊಂಡ ಆಡು ಹುಡುಕುತ್ತಾ ಗವಿಯೊಳಗೆ ಕಲ್ಲೆಸೆದನಂತೆ, ಮಡಕೆ ಒಡೆದ ಸದ್ದಾಯಿತಂತೆ. ಒಳಗೆ ಎರಡು ಸಾವಿರ ವರ್ಷದ ತೊಗಲಿನ ಸುರುಳಿಗಳು.

"ಅದರಲ್ಲಿರೋದೂ ನಾನು ದಿನಾ ಓದೋದೂ ಹೆಚ್ಚು ಕಡಿಮೆ ಒಂದೇ ಕಣಮ್ಮ" ಎನ್ನುವಾಗ ಅವರ ಕಣ್ಣು ತುಂಬಿತ್ತು. ನನ್ನ ತಲೆಯಲ್ಲಿ ನಿಂತದ್ದು ಮಾತ್ರ ಮಡಕೆ.

ನನ್ನ ಮಾವ ದನದ ವೈದ್ಯರು. ಕಿಕ್ಕೇರಿ ಕಡೆಯಿಂದಲೂ ಅವರಲ್ಲಿಗೆ ಎತ್ತು ಹೊಡೆದುಕೊಂಡು ಬರುತ್ತಿದ್ದರು. ಅವರಲ್ಲಿ ದನದ ಮದ್ದುಗಳನ್ನು ಬರೆದ ತಾಳೆಗರಿಯ ಒಂದು ಕಟ್ಟಿತ್ತು, ಅವರ ತಾತನ ಕಾಲದ್ದು. ಆ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಓಲೆ ಓದುವವರು ಮನೆಯಲ್ಲಿಲ್ಲದಿದ್ದರೆ ಅದನ್ನು ಹೊಳೆಗೆ ಬಿಡುವುದು ನಮ್ಮಲ್ಲಿ ವಾಡಿಕೆ. ನನ್ನ ಯಜಮಾನರ ಅಣ್ಣ, ನಮ್ಮ ಬಾವ, ಬೂದಿಯ ಮಡಕೆಯ ಜೊತೆಗೆ ಕಟ್ಟನ್ನೂ ಎತ್ತಿಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟರು. ಅಲ್ಲಿಯವರೆಗೆ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಬಾಗಿಲಿಗೆ ಅಡ್ಡ ನಿಂತೆ.

"ಕಟ್ಟ ಬುಟ್ಟೋಗಿ ಬಾವ. ನಾ ಓದ್ತೀನಿ."

"ನೀನಾ?" ಎಂದು ಅವರು ತಮ್ಮನ ಕಡೆ ನೋಡಿದರು. ನಿಮ್ಮ ತಾತ ಮೇಲಿನ ತೊಲೆ ನೋಡುತ್ತಿದ್ದರು. "ಅಂಗಾದ್ರೆ ಅಪ್ಪನ ವರ್ಷದ ತಿಥಿ ದಿನ ಓದು. ಓದ್ನಿಲ್ಲ ಅಂದ್ರೆ ಸೀದಾ ಹೊಳೆಗೆ."

ಆಮೇಲೆ ನಾನು ಮಾಡಿದ ಬುದ್ಧಿವಂತಿಕೆ ಕೇಳಿ. ನಾಟಿಯ ಕೆಲಸ ಶುರುವಾಯಿತು. ಸುಗ್ಗಿ ಕಳೆದು ಓದೋಣವೆಂದು ಕಟ್ಟನ್ನು ರಾಗಿ ತುಂಬುವ ಮಣ್ಣಿನ ಗುಡಾಣದಲ್ಲಿಟ್ಟು, ಬಾಯಿಗೆ ಸಗಣಿ, ಮಣ್ಣು ಮೆತ್ತಿದೆ. ಮಡಕೆಯಲ್ಲಿ ಎರಡು ಸಾವಿರ ವರ್ಷ ಉಳಿಯುವುದು ಆರು ತಿಂಗಳು ಉಳಿಯದೇ? ತೆಗೆದಾಗ ಮುಗ್ಗಲು ವಾಸನೆ. ಗರಿಗಳು ಒಂದಕ್ಕೊಂದು ಅಂಟಿ, ಅಂಚೆಲ್ಲ ಬೂಷ್ಟು ಹಿಡಿದು ಪುಡಿಯಾಗಿತ್ತು.

ಟೀಚರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅದು ಮಳೇನೇ ಕಾಣದ ಸೀಮೆ ಕಣಮ್ಮ. ಇಲ್ಲಿ ನಾಲೆ ನೀರು ಗೋಡೇಲೇ ಜಿನುಗುತ್ತೆ."

ಅತ್ತು ಮುಗಿಸಿ ಕೆಲಸಕ್ಕೆ ಕೂತೆ. ನೆರಳಲ್ಲಿ ಒಣಗಿಸಿ, ಒಂದೊಂದೇ ಗರಿ ಬಿಡಿಸಿ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ ಗೀರಿದ ಅಕ್ಷರ ಕಪ್ಪಗೆ ಏಳುತ್ತಿತ್ತು. ಕನ್ನಡವೇ, ಆದರೆ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ದಿನಕ್ಕೆ ಒಂದು ಸಾಲು ಹತ್ತಿದರೆ ಹಬ್ಬ. ಟೀಚರು ಶಾಲೆಯಿಂದ ಬಂದು ನನ್ನ ನೋಟ್‌ಬುಕ್ಕು ತಿದ್ದುವರು. ಅವರಿಗೂ ಅರ್ಧ ತಿಳಿಯದು.

ತಿಥಿಯ ದಿನ ಎಡೆಯಿಟ್ಟ ಮೇಲೆ ನೆಂಟರ ಮುಂದೆ ಗರಿ ಹಿಡಿದು ಕೂತೆ. ತಲೆ ಎತ್ತಲಿಲ್ಲ, ಓದಿದೆ. ಹೊಟ್ಟೆಯುಬ್ಬರಕ್ಕೆ ಓಮ, ಬೆಳ್ಳುಳ್ಳಿ, ಮೆಣಸು... ಮುಂದೆ ಗರಿ ಉದುರಿಹೋಗಿತ್ತು. ಓದು ಅಲ್ಲಿಗೇ ನಿಂತಿತು.

"ಒಂಬತ್ ಕಾಳು" ಎಂದರು ಬಾವ. "ಆಮೇಕೆ ಬೆಲ್ಲ. ಅಪ್ಪ ಅರೀತಿದ್ದಾಗ ನಾನೇ ಕೊಡ್ತಿದ್ದೆ." ನನ್ನ ಹತ್ತಿರಕ್ಕೆ ಸರಿದು, "ಮುಂದ್ಲದ್ ಓದವ್ವ" ಎಂದರು. ಎಡೆಯ ಅನ್ನ ಆರಿತು, ಯಾರೂ ಊಟಕ್ಕೆ ಏಳಲಿಲ್ಲ. ಗರಿ ಹರಿದಲ್ಲೆಲ್ಲ ಅವರು ನೆನಪಿನಿಂದ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕಟ್ಟು ಹೊಳೆಗೆ ಹೋಗಲಿಲ್ಲ.

ಬಾವನಿಗೂ ತಿಳಿಯದ ಕಡೆ ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟಿದ್ದೇನೆ. ಅಲ್ಲಿಯ ಗರಿಯನ್ನು ಇಲಿ ತಿಂದಿತೆಂದು ನಿಮಗೆ ಇಷ್ಟು ವರ್ಷ ಹೇಳಿದ್ದು ಸುಳ್ಳು. ಹಾಳು ಮಾಡಿದವಳು ನಾನೇ. ಇದನ್ನು ಬರೆದ ಮೇಲೆ ಮೈ ಹಗುರವಾಗಿದೆ, ಹಟವೂ ಬಂದಿದೆ. ಬರುವ ರಜಕ್ಕೆ ನೀವು ಬಂದಾಗ ಒಬ್ಬೊಬ್ಬರ ಮುಂದೆ ಒಂದೊಂದು ಗರಿ ಇಡುತ್ತೇನೆ. ಒಂದು ಸಾಲಾದರೂ ಓದಿಯೇ ಏಳಬೇಕು. ಊಟ ತಡವಾದರೆ ಆಗಲಿ.