ತೊಗರಿ ಹೊಲದಲ್ಲಿ ರೇಸಿನ ಕಾರು

ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ಸಿಂದಗಿ ಸುತ್ತ ಕಬ್ಬು ಹೇರಿಕೊಂಡು ಹೋಗುವ ಟ್ರೇಲರುಗಳಲ್ಲಿ ನನ್ನ ಕೈಯವು ಯಾವು ಅಂತ ದೂರದಿಂದಲೇ ತೋರಿಸಬಲ್ಲೆ. ನಾನು ಹಾಕಿದ ಬೆಸುಗೆ ಇಂದಿಗೂ ಬಿಟ್ಟಿಲ್ಲ.

ಅಂಥ ನನಗೆ ಒಂದು ದಿನ ಮೊಬೈಲಿನಲ್ಲಿ ಪರದೇಶದ ಹಳೆಯ ರೇಸಿನ ಕಾರೊಂದು ಕಂಡಿತು. ಹಗಲು ರಾತ್ರಿ ಎಡೆಬಿಡದೆ ಓಡುವ ರೇಸು ಅದರದು. ಬರೇ ಜೋರು ಇದ್ದರೆ ಸಾಲದು, ಕಡೆತನಕ ತಾಳಬೇಕು. ನಾನೂ ಹಾಗೇ ದುಡಿದವನು, ಹಿಡಿಸಿತು. ಸೊಂಟದಷ್ಟೂ ಎತ್ತರವಿಲ್ಲ, ಉದ್ದ ಮೂತಿ, ಹಿಂದಿನ ಗಾಲಿಯ ಮೇಲೆ ಎಮ್ಮೆಯ ಬೆನ್ನಿನಂಥ ಉಬ್ಬು. ಅಂಥದ್ದೇ ಒಂದು ನಾನೂ ಮಾಡಬೇಕು ಅಂತ ಪೈಪಿನ ಚೌಕಟ್ಟು ಕಟ್ಟಿದೆ. ಉಸುಕಿನ ಚೀಲದ ಮೇಲೆ ತಗಡು ಇಟ್ಟು ಬಡಿದು ಬಡಿದು ಆ ಉಬ್ಬು ತಂದೆ. ಸಂಜೆಗಳೆಲ್ಲ ಅದಕ್ಕೇ ಹೋದವು.

ಎಂಜಿನ್ ಕೊಟ್ಟವರು ನನ್ನ ವೆಲ್ಡಿಂಗ್ ಅಂಗಡಿಯ ಪಕ್ಕದ ಗುಜರಿ ಅಂಗಡಿಯ ಮಾಮಾ. ಹಳೇ ಜೀಪಿನ ಡೀಸೆಲ್ ಎಂಜಿನ್. ಕೊಡುವಾಗ ಒಂದು ಕರಾರು ಹಾಕಿದರು.

"ಮುಂಜಾನಿಂದ ಹೊತ್ತು ಮುಳುಗೋ ತನಕ ಎಂಜಿನ್ ಬಂದ್ ಬೀಳಬಾರ್ದು ಮಿಸ್ತ್ರಿ. ತಾಳಿದ್ರ ನಿಂದು. ನಡುವ ಬಂದ್ ಬಿತ್ತಂದ್ರ ಬಿಚ್ಚಿ ನನ್ನ ಟೆಂಪೋಕ್ಕ ಹಾಕ್ಕೋತೇನಿ."

"ಎಂಜಿನ್ ಇಲ್ಲದ ಕಾರು ತಗೊಂಡು ನಾ ಏನ್ ಮಾಡ್ಲಿ ಮಾಮಾ?"

"ಕೋಳಿ ಸಾಕು."

ತೊಗರಿ ರಾಶಿ ಮುಗಿದ ಮೇಲೆ ಕಾರನ್ನು ಟ್ರೇಲರಿನಲ್ಲಿ ಹೇರಿಕೊಂಡು ಮೋರಟಗಿ ಹಾದಿಯ ನಮ್ಮ ಹೊಲಕ್ಕೆ ಒಯ್ದೆ. ಟ್ರ್ಯಾಕ್ಟರಿನಿಂದ ನೆಲ ತುಳಿಸಿ ಗುಂಡಗೆ ದಾರಿ ಮಾಡಿಟ್ಟಿದ್ದೆ. ಹೊತ್ತು ಹುಟ್ಟುವಾಗ ಮಾಮಾ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ಕೂತರು. ನಾನು ಚಾಲೂ ಮಾಡಿದೆ.

ಅಂಥ ರೇಸಿನಲ್ಲಿ ಡ್ರೈವರು ಬದಲಾಗಬಹುದು. ನನ್ನ ಜೋಡಿ ಡ್ರೈವರು ಹೆಂಡತಿ; ಟ್ರ್ಯಾಕ್ಟರ್ ಹೊಡೆಯುವುದರಲ್ಲಿ ನನಗಿಂತ ಏನೂ ಕಡಿಮೆ ಇಲ್ಲ. ನಾಷ್ಟಾ ಆದಮೇಲೆ ಸೀರೆ ಬಿಗಿದುಕೊಂಡು ಒಳಗೆ ಇಳಿದಳು.

"ಇಡೀ ದಿನಾ ಸುತ್ತಿ ಕಡೀಕ ಇದ್ದಲ್ಲೇ ಬರೋದೇನ್ರಿ? ನಮ್ಮಪ್ಪನ ಎತ್ತೂ ಕಣದಾಗ ಇದನ್ನೇ ಮಾಡ್ತಿದ್ವು," ಅಂತ ನಕ್ಕಳು. ಆದರೂ ಹೊಡೆದಳು, ನನಗಿಂತ ಮೆತ್ತಗೆ ಗೇರು ಹಾಕಿ.

ಮಧ್ಯಾಹ್ನ ಮತ್ತೆ ನಾನು ಕೂತಾಗ ಗಾಳಿ ಎದ್ದಿತು. ಬದಿಗೆ ಒಟ್ಟಿದ್ದ ತೊಗರಿ ಹೊಟ್ಟು ದಾರಿಗೆಲ್ಲ ಹರಡಿತು. ಚಿತ್ರದಲ್ಲಿದ್ದಂತೆಯೇ ನೆಲಕ್ಕೆ ಹತ್ತಿದ ಮೂತಿ ಮಾಡಿದ್ದೆನಲ್ಲ, ಅದು ಸುತ್ತಿಗೊಮ್ಮೆ ಬಾಯ್ತುಂಬ ಹೊಟ್ಟು ತಿಂದಿತು. ಆ ದೇಶದ ರಸ್ತೆಯಲ್ಲಿ ತೊಗರಿ ಹೊಟ್ಟು ಎಲ್ಲಿಂದ ಬರಬೇಕು! ರೇಡಿಯೇಟರ್ ಮುಚ್ಚಿಹೋಗಿ ಕಾವಿನ ಮುಳ್ಳು ಕೆಂಪಿಗೆ ಏರಿತು. ಗಾಲಿ ನಿಲ್ಲಿಸಿದೆ. ಎಂಜಿನ್ ನಿಲ್ಲಿಸಿದರೆ ಅದು ಮಾಮಾನ ಪಾಲು, ನಿಲ್ಲಿಸದಿದ್ದರೆ ಬೆಂಕಿಯ ಪಾಲು.

ಮಾಮಾ ಓಡಿಬಂದರು. ಎಂಜಿನ್ ತನಗೆ ಸಿಕ್ಕಿತೆಂದು ಕುಣಿಯಲಿಕ್ಕೆ ಬಂದರು ಅಂದುಕೊಂಡೆ.

"ಏ ಮಿಸ್ತ್ರಿ, ಬಾನೆಟ್ ಎತ್ತಲೇ! ನನ್ನ ಎಂಜಿನ್ ಸುಡ್ತೀಯೇನು?"

"ಬಂದ್ ಮಾಡ್ಲೇನು ಮಾಮಾ?"

"ಕಾದದ್ದನ್ನ ಒಮ್ಮೆಲೆ ಬಂದ್ ಮಾಡಿದ್ರ ಜಾಮ್ ಆಗ್ತೈತಿ. ಬಂದ್ ಮಾಡಿದ್ರ ನಿನ್ನ ಕಾಲು ಮುರೀತೇನಿ!"

ಟವೆಲು ಕೈಗೆ ಸುತ್ತಿಕೊಂಡು ಹೊಟ್ಟನ್ನೆಲ್ಲ ಬಾಚಿ ತೆಗೆದರು. ಹೆಂಡತಿ ರೇಡಿಯೇಟರಿನ ಮೇಲೆ ಹೊರಗಿನಿಂದ ಕೊಡದ ನೀರು ಸುರಿದಳು. ಮುಳ್ಳು ಮೆಲ್ಲಗೆ ಇಳಿಯಿತು. ಆಮೇಲೆ ಆಕೆ ಕಾಳು ಸೋಸುವ ಸಾಣಿಗೆ ತಂದು ಮೂತಿಗೆ ಹಗ್ಗದಿಂದ ಬಿಗಿದಳು. ಅಷ್ಟು ಬಡಿದು ಮಾಡಿದ ಮೂತಿಗೆ ಸಾಣಿಗೆ! ಹೊಟ್ಟೆ ಉರಿಯಿತು, ಆದರೆ ಹೊಟ್ಟು ಒಳಗೆ ಹೋಗಲಿಲ್ಲ. ಮುಂದೆ ಮಾಮಾ ಹೊರಸಿನ ಕಡೆ ಹೋಗಲೇ ಇಲ್ಲ, ಪ್ರತಿ ಸುತ್ತಿಗೂ "ಮುಳ್ಳು ಎಲ್ಲೈತಿ?" ಅಂತ ಒದರುತ್ತ ದಾರಿಯ ಬದಿಗೇ ನಿಂತರು.

ಹೊತ್ತು ಮುಳುಗಿತು. ಎಂಜಿನ್ ಇನ್ನೂ ಗುಡುಗುಡು ಅನ್ನುತ್ತಿತ್ತು.

"ಸೋತೆ ಬಿಡು, ಎಂಜಿನ್ ನಿಂದು. ಈಗರ ಬಂದ್ ಮಾಡು," ಅಂದರು ಮಾಮಾ.

"ಒಂದು ಸುತ್ತು ನೀವೂ ಹೊಡೀರಿ ಮಾಮಾ."

ಅವರ ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿತು. ನಾವಿಬ್ಬರೂ ಹೆಗಲು ಹಿಡಿದು ಒಳಗೆ ಒತ್ತಿದೆವು. ಒಂದೇ ಸುತ್ತು ಅಂತ ಹೋದವರು ಇಳಿಯುವ ಲಕ್ಷಣವೇ ಕಾಣಲಿಲ್ಲ. ನಾವು ಒಡ್ಡಿನ ಮೇಲೆ ಕೂತು, ರೊಟ್ಟಿ ಶೇಂಗಾಚಟ್ನಿ ತಿನ್ನುತ್ತ, ನಮ್ಮ ಕಾರು ಸುತ್ತುವುದನ್ನು ನೋಡಿದೆವು.