ನಾನು ಕೈಬಿಟ್ಟ ಮೂರು ಪುಟ

ಕಣ್ಣು ಕಾಣದ ಹಿರಿಯರೊಬ್ಬರಿಗೆ, ಅವರದೇ ಪುಸ್ತಕದಲ್ಲಿ ಇಲ್ಲದ ಅಧ್ಯಾಯವನ್ನು ಇದೆಯೆಂದು ನಂಬಿಸಿ ಓದಿ ಹೇಳಿದವನು ನಾನು. ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಇದ್ದುಬಿಡುತ್ತಿದ್ದೆನೇನೋ. ಆಮೇಲೆ ಇನ್ನೊಂದು ಮಾಡಿದೆ — ಅದನ್ನು ಹೇಳುವುದಕ್ಕೇ ಈ ಬರಹ.

ಚಳ್ಳಕೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಸಂಘಗಳ ವರದಿ, ಇಂಥದೇ ಕೆಲಸ. ಪಕ್ಕದಲ್ಲಿ ಅಣ್ಣನ ಲಾರಿ ಗ್ಯಾರೇಜು. ಮನೆಯಲ್ಲಿ ಆಡುವುದು ಉರ್ದು. ಆದರೂ ಕನ್ನಡದ ಕಾಗುಣಿತದಲ್ಲಿ ನನ್ನನ್ನು ಹಿಡಿಯುವವರಿಲ್ಲ ಎಂಬ ಜಂಭ ಮೊದಲಿನಿಂದಲೂ ಇತ್ತು. ಹತ್ತು ಹನ್ನೆರಡು ವರ್ಷದ ಹಿಂದೆ, ಎಂಬತ್ತು ದಾಟಿದ್ದ ನಿವೃತ್ತ ಶಿಕ್ಷಕ ರುದ್ರಮುನಿ ಮೇಷ್ಟ್ರು ತಮ್ಮ ಆತ್ಮಕಥೆಯ ನಾಲ್ಕು ನೋಟ್‌ಬುಕ್ಕುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಸಕ್ಕರೆ ಕಾಯಿಲೆಗೆ ಅವರ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. "ಬರ್ದಿದ್ದು ನಂಗೇ ಕಾಣಲ್ಲ. ನೀನೇ ನನ್ ಕಣ್ಣು ಅಂದ್ಕಂಡು ಮಾಡಪ್ಪ" ಎಂದರು.

ಶಾಲೆಯಲ್ಲಿ ಚರಿತ್ರೆ ನನ್ನ ತಲೆಗೆ ಹತ್ತಿರಲೇ ಇಲ್ಲ. ಈ ದೇಶ ಹೇಗೆ ಶುರುವಾಯಿತೆಂದು ನಾನು ಕಲಿತದ್ದು ಮೇಷ್ಟ್ರ ಕೈಬರಹ ಟೈಪು ಮಾಡುತ್ತ. ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸೀಮೆಯ ನಮ್ಮವರು ಅರಸರ ಮುಖ ನೋಡುತ್ತ ಇನ್ನಷ್ಟು ದಿನ ಕಾದದ್ದು, ಮೊಳಕಾಲ್ಮೂರಿನ ಮಗ್ಗುಲ ಬಳ್ಳಾರಿ ಸೀಮೆ ಆಗ ಮದ್ರಾಸಿಗೆ ಸೇರಿದ್ದದ್ದು, ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟದ್ದು, ಚೀಟಿ ಹಾಕಿದವರು ಪೆಟ್ಟಿಗೆಗೆ ಕೈಮುಗಿದು ಬಂದದ್ದು — ಟೈಪು ಮಾಡುವುದು ಬಿಟ್ಟು ಓದುತ್ತ ಕೂತುಬಿಡುತ್ತಿದ್ದೆ. "ಕ್ಯಾ ಮಿಯಾ, ಪರೀಕ್ಷೆಗೆ ಕಟ್ಟೀಯೇನು?" ಎಂದು ಅಣ್ಣ ಕಾಲೆಳೆಯುತ್ತಿದ್ದ.

ಆ ಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಹೋದವರಲ್ಲಿ ಮೇಷ್ಟ್ರೂ ಒಬ್ಬರು. ಆಗಿನ್ನೂ ಇಪ್ಪತ್ತರ ಹುಡುಗಾಟದ ವಯಸ್ಸು. ಕೊಂಡ್ಲಹಳ್ಳಿ ಕಡೆ ದನ ಕಾಯುವವರ ಹಟ್ಟಿಯೊಂದರಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಪರ ಗಂಡಸಿನ ಮುಂದೆ ಹೇಳುವ ರೂಢಿ ಇರಲಿಲ್ಲ. ಬೋರಯ್ಯನ ಹೆಂಡತಿ, ಪಾಲಯ್ಯನ ಅವ್ವ, ಅಷ್ಟೇ. ಸ್ವಂತ ಹೆಸರು ಕೊಡದವರನ್ನು ಪಟ್ಟಿಗೆ ಸೇರಿಸಬಾರದೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಮೇಷ್ಟ್ರು ಕಾಗದಪತ್ರ ಕಟ್ಟಿಕೊಂಡು ಹೊರಟಾಗ, ಕಂಕುಳಲ್ಲಿ ಮಗು ಹೊತ್ತ ಒಬ್ಬಾಕೆ ಬೇಲಿಯ ತನಕ ಹಿಂದೆ ಬಂದು, "ನನ್ನೆಸ್ರು ಸೂರಮ್ಮ. ಬರ್ಕಳ್ರಿ" ಎಂದರಂತೆ. ಕಟ್ಟಿದ್ದನ್ನು ಮತ್ತೆ ಬಿಚ್ಚಬೇಕಲ್ಲ ಎಂಬ ಬೇಸರಕ್ಕೆ ಮೇಷ್ಟ್ರು "ಆಯ್ತು" ಎಂದರು, ಬರೆಯಲಿಲ್ಲ.

ಮತದಾನದ ದಿನ ಸೂರಮ್ಮ ಬಿಸಿಲಲ್ಲಿ ನಡೆದು ಬಂದರು. ಮೇಜಿನ ಹಿಂದೆ ಕೂತಿದ್ದವರು ಇದೇ ಮೇಷ್ಟ್ರು. ಮತಗಟ್ಟೆಯ ಸಾಹೇಬರ ಎದುರು ತಪ್ಪು ಒಪ್ಪಿಕೊಳ್ಳಲು ಧೈರ್ಯ ಸಾಲದೆ, "ನೀನು ಹೆಸ್ರೇ ಹೇಳಿಲ್ಲ ಕಣಮ್ಮ" ಎಂದುಬಿಟ್ಟರು. ಸಾಲಿನಲ್ಲಿದ್ದವರು ನಕ್ಕರು. ಆಕೆ ತಿರುಗಿ ನಡೆದರು. ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಬರೆದು, ಕೊನೆಗೆ ಆಕೆಯ ಹೆಸರು ಹಿಡಿದು ಕ್ಷಮೆ ಕೇಳಿದ್ದರು ಮೇಷ್ಟ್ರು. ಸೂರಮ್ಮ ಇನ್ನೂ ಅದೇ ಹಟ್ಟಿಯಲ್ಲಿದ್ದರು. "ಪುಸ್ತಕದಾಗೆ ನಿನ್ ಹೆಸ್ರು ಬರ್ತೈತೆ ಅಂತ ಆಯಮ್ಮಂಗೆ ಹೇಳಿ ಕಳ್ಸೀನಿ ಕಣಪ್ಪ. ಅದೊಂದು ಆಗ್ಬುಟ್ರೆ ನಂಗೆ ಸಾಕು" ಎನ್ನುತ್ತಿದ್ದರು.

ಪುಸ್ತಕ ಅಚ್ಚಾಗುವುದು ಹದಿನಾರು ಪುಟಕ್ಕೊಂದು ಫಾರಂನಂತೆ. ಕೊನೆಯ ಫಾರಂ ತುಂಬಿ ಮೂರು ಪುಟ ಹೆಚ್ಚಾಗಿದೆ, ಅಷ್ಟಕ್ಕೇ ಇನ್ನೊಂದು ಫಾರಂ ಹಾಕಲಾಗದು, ಮಧ್ಯಾಹ್ನದೊಳಗೆ ಕಡಿಮೆ ಮಾಡಿ ಕಳಿಸಿ ಎಂದು ಪ್ರೆಸ್ಸಿನವರು ಫೋನು ಮಾಡಿದರು. ಮೇಷ್ಟ್ರು ಆವತ್ತು ಕಣ್ಣಿನ ಆಸ್ಪತ್ರೆಯಲ್ಲಿದ್ದರು. ನಾಳೆಯವರೆಗೆ ಕಾಯಿರಿ ಎನ್ನಬಹುದಿತ್ತು, ಅನ್ನಲಿಲ್ಲ. ಊರಲ್ಲಿ ಮೊದಲ ಸಲ ಬಾವುಟ ಹಾರಿಸಿದ್ದು ಚರಿತ್ರೆ, ಬಿಡುವಂತಿಲ್ಲ. ಪೆಟ್ಟಿಗೆಗಳದ್ದೂ ಚರಿತ್ರೆ. ಹಟ್ಟಿಯ ಹೆಂಗಸೊಬ್ಬಳ ಹೆಸರು ಮಾತ್ರ... ಅಳೆದರೆ ಸರಿಯಾಗಿ ಮೂರು ಪುಟ. ಮೇಷ್ಟ್ರು ಕೊಟ್ಟಿದ್ದ ಮಾತು ನನಗೆ ನೆನಪಾಗಲಿಲ್ಲವೆಂದರೆ ಅದು ಸುಳ್ಳು. ನೆನಪಾಯಿತು, ಆದರೂ ಅಳಿಸಿದೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಪುಸ್ತಕ ಬಂದ ದಿನ ಮೇಷ್ಟ್ರು ಅದನ್ನು ಮೂಸಿ ನೋಡಿ, "ಸೂರಮ್ಮಂದು ಓದು" ಎಂದರು. ಪುಸ್ತಕದೊಳಗೆ ಅವರದೇ ನೋಟ್‌ಬುಕ್ ಇಟ್ಟುಕೊಂಡು ಓದಿದೆ. ಒಂದಕ್ಷರ ತಪ್ಪಿಲ್ಲದೆ ಓದಿದೆ — ಅದರಲ್ಲೂ ನನ್ನ ಜಂಭ ಬಿಡಲಿಲ್ಲ. ಅವರು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಆವತ್ತೇ ಒಂದು ಪ್ರತಿಯನ್ನು ಹಟ್ಟಿಗೆ ಹೋಗುವವರ ಕೈಯಲ್ಲಿ ಕಳಿಸಿಕೊಟ್ಟರು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ದಿನ ತಳ್ಳುತ್ತಿದ್ದೆ. ಎರಡು ತಿಂಗಳಿಗೆ ಅವರು ತೀರಿಕೊಂಡರು.

ಸೂರಮ್ಮನವರಿಗಾದರೂ ನಿಜ ಹೇಳಬೇಕೆಂದು ಹಟ್ಟಿಗೆ ಹೋದೆ. ಹೋಗುವ ಮೊದಲು, ನಾನು ವಾಪಸು ಕೊಟ್ಟಿದ್ದ ಆ ನೋಟ್‌ಬುಕ್ ಕೇಳಿದರೆ, ಮೇಷ್ಟ್ರ ಮನೆಯವರು ಅದನ್ನು ಹಳೇ ಪೇಪರಿನ ಜೊತೆ ರದ್ದಿಗೆ ಹಾಕಿಬಿಟ್ಟಿದ್ದರು. ಬರಿಗೈಯಲ್ಲಿ ಹೋದೆ. ಸೂರಮ್ಮ ಗೋಡೆಗೊರಗಿ ಕಾಲು ನೀಡಿ ಕೂತಿದ್ದರು, ಸಣಕಲು ಜೀವ. ಅಂಗನವಾಡಿಯಲ್ಲಿ ಕೆಲಸ ಮಾಡುವ ಮೊಮ್ಮಗಳು ಪುಸ್ತಕ ತಂದು ನನ್ನ ಮುಂದೆ ಹಿಡಿದಳು.

"ಎಲ್ಡು ಸಲ ಓದೀನಿ ಸಾಬ್ರೇ. ನಮ್ಮಜ್ಜಿ ಹೆಸ್ರು ಎಲ್ಲೈತೆ, ನೀವೇ ತೋರಿಸ್ರಿ."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ವಯಸ್ಸಾಗಿತ್ತಲ್ಲವ್ವ... ಮೇಷ್ಟ್ರು ಮರ್ತಿರ್ಬೇಕು."

ಸತ್ತವರು ಬಂದು ಅಲ್ಲವೆನ್ನುವುದಿಲ್ಲ ಎಂಬ ಧೈರ್ಯವಿದ್ದಿರಬೇಕು ನನಗೆ.

ಸೂರಮ್ಮ, "ಆವತ್ತೂ ಬರ್ಕಂತೀನಿ ಅಂದ್ರು, ಬರೀಲಿಲ್ಲ. ಇರ್ಲಿ ಬಿಡು. ಸಾಬ್ರಿಗೆ ಚಾ ಕೊಡೇ" ಎಂದರು. ನಾನು ಕೂತು ಆ ಚಹಾ ಕುಡಿದೆ. ಈಗಲಾದರೂ ಹೇಳು, ಈಗಲಾದರೂ... ಲೋಟ ಕೆಳಗಿಟ್ಟು ಎದ್ದು ಬಂದೆ.

ಮುಂದಿನ ಬೇಸಿಗೆಯಲ್ಲಿ ಸೂರಮ್ಮನೂ ಹೋದರು. ಕ್ಷಮೆ ಕೇಳಿದವರು, ಅದು ಆಕೆಗೆ ತಲುಪಿತೆಂದು ನಂಬಿ ಸತ್ತರು. ಕೇಳಿಸಿಕೊಳ್ಳಬೇಕಾದವರು, ಎರಡನೆಯ ಸಲವೂ ಮೋಸವಾಯಿತೆಂದು ನಂಬಿ ಸತ್ತರು. ನಾನು ಅಂಗಡಿ ತೆರೆಯುತ್ತೇನೆ, ಮುಚ್ಚುತ್ತೇನೆ. ಅಳಿಸಿದ ಪುಟಗಳು ಕಂಪ್ಯೂಟರಿನಲ್ಲೂ ಉಳಿದಿಲ್ಲ. ನೆನಪಿನಿಂದ ಬರೆಯಲು ಎಷ್ಟೋ ಸಲ ಕೂತೆ. ಬರುವುದು ನನ್ನ ಮಾತು, ಮೇಷ್ಟ್ರದಲ್ಲ.

ಇದನ್ನು ಆ ಮೊಮ್ಮಗಳ ಕೈಗೆ ಕೊಡುತ್ತೇನೆ. ಓದಿ ಮುಖಕ್ಕೆ ಎಸೆದರೂ ಅವಳು ತಪ್ಪು ಮಾಡಿದಂತಾಗುವುದಿಲ್ಲ. ಯಾರಿಗೂ ಇದರಿಂದ ಇನ್ನೇನೂ ಆಗಬೇಕಾದ್ದಿಲ್ಲ, ಆಗುವುದೂ ಇಲ್ಲ. ಸೂರಮ್ಮನವರು ಹೆಸರು ಹೇಳಿದ್ದರು. ಮೇಷ್ಟ್ರು ಅದನ್ನು ಬರೆದಿದ್ದರು. ಅಳಿಸಿದವನು ನಾನು.