ಎಲೆಯ ಮೇಲಿನ ಬಾಳೆಹಣ್ಣಿನ ತುಂಡು

2022ರ ಪೊಂಗಲ್ ಮುಗಿದ ವಾರ. ಕೋಯಮತ್ತೂರು ಜಿಲ್ಲೆಯ ಸಿರುಮುಗೈಯಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪ ಒಂದು ಮಗ್ಗದಲ್ಲಿ, ನಾನು ಇನ್ನೊಂದರಲ್ಲಿ. ಹಿಂದಿನ ವರ್ಷ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಹೇಳಿದ್ದೇ ನಡೆಯಬೇಕಿತ್ತು. ಅಪ್ಪನಿಗೋ ಕೆಲವು ತಿಂಗಳಿಂದ ಅನ್ನ ಎದೆಯಲ್ಲೇ ನಿಲ್ಲುತ್ತಿತ್ತು. ತುತ್ತಿಗೊಂದು ಗುಟುಕು ನೀರು ಕುಡಿದು, ಎದ್ದು ನಿಂತು ನುಂಗುತ್ತಿದ್ದರು. ಒಮ್ಮೊಮ್ಮೆ ತಿಂದದ್ದೆಲ್ಲ ಹಾಗೇ ಹೊರಗೆ ಬರುತ್ತಿತ್ತು.

ತಿಂದದ್ದು ಒಳಗೆ ಸಿಕ್ಕಿಕೊಂಡರೆ ನಮ್ಮ ಕಡೆ ತೊಕ್ಕ ಎನ್ನುತ್ತಾರೆ. ಅದನ್ನು ತೆಗೆಯುವವರೂ ಇದ್ದಾರೆ.

"ಒಂದ್ಸಲ ಡಾಕ್ಟರ್ ಹತ್ರ ತೋರಿಸೋಣವಾ?" ಅಂದರು ಅಪ್ಪ.

"ಇದಕ್ಕೆಲ್ಲ ಆಸ್ಪತ್ರೆಯಾ? ತೊಕ್ಕ ತೆಗೆಸಿದ್ರೆ ಸರಿಯಾಗೋಗುತ್ತೆ" ಎಂದು ನಾನೇ ಅವರನ್ನು ಮೆಟ್ಟುಪಾಳ್ಯಂ ಬಸ್ಸು ಹತ್ತಿಸಿದೆ.

ಅಲ್ಲಿ ತೊಕ್ಕ ತೆಗೆಯುವ ಮುದುಕಿಯೊಬ್ಬಳು ಅಪ್ಪನ ಹೊಟ್ಟೆ ನೀವಿ, ಗಂಟಲಿಗೆ ಕೊಳವೆ ಒತ್ತಿ ಹೀರಿ, ಕಪ್ಪಾದ ಬಾಳೆಹಣ್ಣಿನ ತುಂಡೊಂದನ್ನು ಎಲೆಯ ಮೇಲೆ ಉಗುಳಿದಳು. ಹೋದ ಜೀವ ಬಂದಂತಾಗಿ ನಾನು ನಕ್ಕುಬಿಟ್ಟೆ. ಅಪ್ಪ ಆ ತುಂಡನ್ನೇ ನೋಡುತ್ತಾ ಕೂತಿದ್ದರು.

"ಈಗ ಹೆಂಗದೆಪ್ಪಾ?"

"ಪರವಾಯಿಲ್ಲ ಕಣ್ಣು." ಅಪ್ಪ ಮುದ್ದಿನಿಂದ ನನ್ನನ್ನು ಕರೆಯುವುದೇ ಕಣ್ಣು ಎಂದು.

ಆ ಮಾತು ನಂಬಿ ಎರಡು ವರ್ಷ ಅಲ್ಲಿಗೇ ಅಲೆದೆವು. ಅಪ್ಪ ಒಣಗಿ ಕಡ್ಡಿಯಾದರು. ಒಂದು ಬೆಳಿಗ್ಗೆ ಮಗ್ಗ ತುಳಿಯಲಾಗದೆ ಕುಸಿದ ಮೇಲೆಯೇ ನಾನು ಕೋಯಮತ್ತೂರಿಗೆ ಕರೆದೊಯ್ದದ್ದು.

ಅನ್ನನಾಳದ ಕೆಳಬಾಯಿ ತೆರೆದುಕೊಳ್ಳದ ರೋಗ ಅಂದರು ಡಾಕ್ಟರ್. ಹೊಟ್ಟೆ ಕೊಯ್ಯಬೇಕಿಲ್ಲ, ಬಾಯಿಯಿಂದ ಎಂಡೋಸ್ಕೋಪಿ ಟ್ಯೂಬು ಇಳಿಸಿ, ನಾಳದ ಪದರಗಳ ನಡುವೆ ದಾರಿ ಬಿಡಿಸಿಕೊಂಡು ಹೋಗಿ, ಬಿಗಿದ ಸ್ನಾಯು ಕತ್ತರಿಸುತ್ತೇವೆ ಅಂದರು. ಹಾಗೆಂದವರು ಆ ಚಿಕಿತ್ಸೆಯ ದಿನ ಮಧ್ಯಾಹ್ನ ಹೊರಗೆ ಬಂದಾಗ ಅವರ ಮುಖದಲ್ಲೇ ಎಲ್ಲ ಗೊತ್ತಾಯಿತು. ಅನ್ನ ನಿಂತು ನಿಂತು ಕೊಳೆತು ಒಳಗೆ ಗಾಯವಾಗಿ, ಅದು ಗಟ್ಟಿ ಕಲೆಯಾಗಿ, ಪದರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲಿ ಬಿಡಿಸಲು ಹೋದರೂ ಹರಿಯುತ್ತಿತ್ತಂತೆ. ಅರ್ಧಕ್ಕೇ ನಿಲ್ಲಿಸಿದ್ದರು. ದೊಡ್ಡ ಆಪರೇಷನ್ ತಡೆದುಕೊಳ್ಳುವ ಶಕ್ತಿ ಅಪ್ಪನ ಮೈಯಲ್ಲಿ ಉಳಿದಿರಲಿಲ್ಲ.

"ಎರಡು ವರ್ಷ ಏನ್ಮಾಡ್ತಿದ್ರಿ?" ಎಂದು ಡಾಕ್ಟರ್ ತಮಿಳಿನಲ್ಲಿ ಕೇಳಿದರು.

ವಾರ್ಡಿನಲ್ಲಿ ಅಪ್ಪನ ಕೈ ಹಿಡಿದು, "ಎಲ್ಲಾ ನನ್ನಿಂದಾನೇ ಆಯ್ತಪ್ಪಾ" ಎಂದು ಅತ್ತೆ.

ಅಪ್ಪ ನನ್ನ ಕೆನ್ನೆ ಒರೆಸಿದರು. ಆಮೇಲೆ ಮೆಲ್ಲಗೆ, "ಅವತ್ತು ಅವಳು ತೆಗೆದದ್ದು ನನ್ನ ಹೊಟ್ಟೇದಲ್ಲ ಕಣ್ಣು. ನಾ ಬಾಳೆಣ್ಣು ತಿಂದು ಆರು ತಿಂಗಳಾಗಿತ್ತು" ಅಂದರು.

"ಮತ್ತೆ ಯಾಕಪ್ಪಾ ಹೇಳ್ಲಿಲ್ಲ?"

"ನಿಮ್ಮಮ್ಮ ಹೋದ್ಮೇಲೆ ನೀ ನಕ್ಕಿದ್ದು ಅವತ್ತೇ."

ಈಗ ಅಪ್ಪನ ಹೊಟ್ಟೆಗೇ ಒಂದು ಟ್ಯೂಬು ಹಾಕಿದ್ದಾರೆ. ಹೊತ್ತು ಹೊತ್ತಿಗೆ ನಾನು ಅದರಲ್ಲಿ ಸೋಸಿದ ಗಂಜಿ ಬಿಡುತ್ತೇನೆ. ನಾನು ಊಟಕ್ಕೆ ಕೂತರೆ ಪಕ್ಕಕ್ಕೆ ಬಂದು ಕೂತು, ಇವತ್ತು ಏನು ಸಾರು ಎಂದು ಕೇಳುತ್ತಾರೆ. ಇಷ್ಟಾದರೂ ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗಾದರೂ ಅನ್ನ ಇಳಿಯುತ್ತಿತ್ತೇನೋ.